ಕಿಡ್ನಿ ಕಲ್ಲು, ಬಸ್ಸು ಮತ್ತು ಒಂದು ಬೀಗದ ಕೈ

ಕೆಲಸಕ್ಕೆ ಹೋಗುವ ಹೆಂಗಸರ ಬ್ಯಾಗಿನಲ್ಲಿ ನೀರಿನ ಬಾಟಲಿ ಇದ್ದೇ ಇರುತ್ತದೆ. ನನ್ನ ಬ್ಯಾಗಿನಲ್ಲೂ ಇತ್ತು, ಅರ್ಧ ಲೀಟರಿನ ಸ್ಟೀಲ್ ಬಾಟಲಿ. ಬೆಳಗ್ಗೆ ತುಂಬಿಸಿಕೊಂಡು ಹೋಗುತ್ತಿದ್ದೆ. ಸಂಜೆ ಮನೆಗೆ ಬಂದು ಉಳಿದದ್ದನ್ನು ತುಳಸಿ ಗಿಡಕ್ಕೆ ಸುರಿಯುತ್ತಿದ್ದೆ. ತುಳಸಿ ಮಾತ್ರ ಚೆನ್ನಾಗಿ ಬೆಳೆದಿತ್ತು.

ನಾನಿರುವುದು ಬಳ್ಳಾರಿಯಲ್ಲಿ. ಸಿರುಗುಪ್ಪ ಕಡೆಯ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಊರಿನ ಹೆಸರು ಬೇಡ. ಮುಂದೆ ಹೇಳುವುದು ಆ ಒಂದು ಶಾಲೆಯ ಕಥೆ ಮಾತ್ರ ಅಲ್ಲ. ಬೆಳಗ್ಗೆ ಏಳೂವರೆಗೆ ಮನೆ ಬಿಟ್ಟರೆ ವಾಪಸ್ ಬರುವುದು ಸಂಜೆ ಆರಕ್ಕೆ. ಹೊರಡುವ ಮುಂಚೆ ಒಂದು ಸಲ ಬಾತ್‌ರೂಮಿಗೆ ಹೋಗುವುದು, ಬಂದ ಮೇಲೆ ಒಂದು ಸಲ. ನಡುವೆ ಹತ್ತೂವರೆ ಗಂಟೆ. ಊಟ ಆದ ಮೇಲೆ ಬಾಯಿ ಒದ್ದೆ ಆಗುವಷ್ಟು ನೀರು. ಸ್ಟಾಫ್ ರೂಮಿನಲ್ಲಿ ನಾವು ಹೆಂಗಸರೆಲ್ಲ ಹೀಗೇ.

ಇದನ್ನು ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ನಾನು ಹೈಸ್ಕೂಲಿಗೆ ಹೋಗುವ ಕಾಲಕ್ಕೇ ಅವ್ವ, "ಜಾಸ್ತಿ ನೀರು ಕುಡ್ದು ಹೋಗಬ್ಯಾಡ, ಅಲ್ಲಿ ತ್ರಾಸಾಗ್ತೈತಿ" ಅನ್ನುತ್ತಿದ್ದಳು. ಆಮೇಲೆ ಬಿ.ಎಡ್., ಆಮೇಲೆ ನೌಕರಿ. ಎಲ್ಲ ಕಡೆಯೂ ಅಲ್ಲಿ ತ್ರಾಸವೇ. ಬಾಗಿಲಿದ್ದರೆ ಚಿಲಕ ಇಲ್ಲ, ಚಿಲಕ ಇದ್ದರೆ ನೀರಿಲ್ಲ, ಎರಡೂ ಇದ್ದರೆ ಹೊರಗಿನಿಂದ ಬೀಗ. ಬಳ್ಳಾರಿಯ ಬೇಸಿಗೆ ಗೊತ್ತಲ್ಲ, 40 ಡಿಗ್ರಿ ದಾಟುತ್ತದೆ. ಕುಡಿದ ಸ್ವಲ್ಪ ನೀರು ಬೆವರಿನಲ್ಲೇ ಹೋಗುತ್ತದೆ, ಹಾಗಾಗಿ ಅವಸರವೂ ಆಗುವುದಿಲ್ಲ. ಒಂದೆರಡು ವರ್ಷ ಹೀಗೆ ನಡೆದರೆ ಬಾಯಾರಿಕೆಯೇ ಕೇಳುವುದನ್ನು ಬಿಟ್ಟುಬಿಡುತ್ತದೆ.

ಮಾರ್ಚ್ ಕೊನೆಯಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಬೇರೆ ಶಾಲೆಯಲ್ಲಿ ರೂಮ್ ಡ್ಯೂಟಿ ಬಿತ್ತು. ಆಗ ಹತ್ತೂವರೆಗೆ ಶುರುವಾಗಿ ಒಂದೂಮುಕ್ಕಾಲಿಗೆ ಮುಗಿಯುತ್ತಿತ್ತು. ಅದಕ್ಕೂ ಮುಂಚೆ ಹೋಗಿ ಬಂಡಲ್ ತೆಗೆದುಕೊಳ್ಳಬೇಕು, ಆಮೇಲೆ ಉತ್ತರ ಪತ್ರಿಕೆ ಜೋಡಿಸಿ ಕೊಡಬೇಕು. ನಡುವೆ ಹೊರಗೆ ಹೋಗಲೇಬೇಕು ಅಂದರೆ ಬದಲಿಗೆ ಒಬ್ಬರನ್ನು ಕರೆಸಬೇಕು. ಯಾಕೆ ಅಂತ ಕಾರಿಡಾರಿನಲ್ಲಿ ನಿಂತ ಗಂಡಸರ ಎದುರು ಹೇಳಬೇಕು. ಅದರ ಬದಲು ನೀರು ಮುಟ್ಟದೇ ಇರುವುದು ಸುಲಭ, ಅಲ್ವಾ?

ಆ ರಾತ್ರಿ ಎರಡು ಗಂಟೆಯ ಹೊತ್ತಿಗೆ ಎಚ್ಚರವಾಯಿತು. ಎಡಗಡೆ ಬೆನ್ನಿನಲ್ಲಿ, ಕೊನೆಯ ಪಕ್ಕೆಲುಬಿನ ಕೆಳಗೆ ನೋವು. ಗ್ಯಾಸ್ ಇರಬೇಕು ಅಂತ ಓಂಕಾಳು ಅಗಿದು ಬಿಸಿನೀರು ಕುಡಿದೆ. ಅತ್ತೆ ಎದ್ದು ಬಂದು ಹೊಕ್ಕುಳಿಗೆ ಇಂಗು ಹಚ್ಚಿದರು. ಹತ್ತು ನಿಮಿಷದಲ್ಲಿ ಅದು ಗ್ಯಾಸ್ ಅಲ್ಲ ಅಂತ ಗೊತ್ತಾಯಿತು. ಮಲಗಲು ಆಗಲಿಲ್ಲ. ಕೂರಲು ಆಗಲಿಲ್ಲ. ಮೊಣಕಾಲೂರಿ ಮಂಚದ ಅಂಚಿಗೆ ಹಣೆ ಒತ್ತಿ ಹಿಡಿದೆ. ಎದ್ದು ಹಾಲ್‌ನಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಡಿದೆ. ಬಚ್ಚಲಿನ ತಣ್ಣನೆಯ ನೆಲದ ಮೇಲೆ ಬಿದ್ದುಕೊಂಡೆ. ಮತ್ತೆ ಮಂಚ, ಮತ್ತೆ ಹಾಲ್, ಮತ್ತೆ ಬಚ್ಚಲು. ನೋವು ಬೆನ್ನಿನಿಂದ ಪಕ್ಕೆ ಬಳಸಿ ಹೊಟ್ಟೆಯ ಮುಂದಕ್ಕೆ ಬಂತು, ಅಲ್ಲಿಂದ ತೊಡೆಸಂದಿಗೆ ಇಳಿಯಿತು. ವಾಂತಿಯಾಯಿತು. ಕುಡಿದ ಓಂಕಾಳಿನ ನೀರೆಲ್ಲ ಹೊರಗೆ. ಇವರು "ಎಲ್ಲಿ ನೋವು, ಸರಿಯಾಗಿ ಹೇಳು" ಅಂತ ಕೇಳುತ್ತಲೇ ಇದ್ದರು. ಬಾಯಿ ತೆರೆದರೆ ಮಾತು ಬರಲಿಲ್ಲ, ನರಳಾಟವಷ್ಟೇ ಬಂತು.

ಆ ಹೊತ್ತಿನಲ್ಲಿ ಸಿಕ್ಕಿದ ಆಟೋದಲ್ಲಿ ಆಸ್ಪತ್ರೆಗೆ ಹೊರಟೆವು. ನಮ್ಮ ಬೀದಿಯಿಂದ ಆಸ್ಪತ್ರೆಯವರೆಗೆ ಎಷ್ಟು ಹಂಪ್ ಇವೆ ಅಂತ ಅವತ್ತು ಗೊತ್ತಾಯಿತು. ಡ್ಯೂಟಿ ಡಾಕ್ಟರ್ ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನ ಹುಡುಗ. ಬೆನ್ನಿನ ಆ ಜಾಗಕ್ಕೆ ಮುಷ್ಟಿಯಿಂದ ಒಂದು ಸಣ್ಣ ಏಟು ಕೊಟ್ಟ. ನಾನು ಕಿರುಚಿದೆ.

"ಕಲ್ಲು ಇರಬಹುದು ಮೇಡಂ. ನೋವು ಹತ್ತರಲ್ಲಿ ಎಷ್ಟು?"

"ಹತ್ತು."

"ಎಲ್ಲರೂ ಹತ್ತೇ ಅಂತಾರೆ. ನೀವು ಒಂದು ಕಡೆ ನಿಲ್ತಾ ಇಲ್ಲವಲ್ಲ, ಅದಕ್ಕೇ ಕಲ್ಲು ಅಂದೆ."

ಆಮೇಲೆ ತಿಳಿದುಕೊಂಡೆ. ಅಪೆಂಡಿಕ್ಸ್ ಒಡೆದು ಹೊಟ್ಟೆಯೊಳಗೆ ಕೀವು ಹರಡಿದವರು ಅಲುಗಾಡದೆ ಮಲಗುತ್ತಾರಂತೆ, ಅಲುಗಾಡಿದರೆ ನೋವು ಜಾಸ್ತಿ. ಕಲ್ಲಿನವರು ಮಾತ್ರ ಹೊರಳಾಡುತ್ತಲೇ ಇರುತ್ತಾರೆ, ಯಾಕೆಂದರೆ ಯಾವ ಭಂಗಿಯೂ ಕೆಲಸಕ್ಕೆ ಬರುವುದಿಲ್ಲ. ಅಳತೆ ಕೇಳುವುದಕ್ಕಿಂತ ರೋಗಿ ಹೇಗೆ ನಿಂತಿದ್ದಾಳೆ ಅಂತ ನೋಡಿದ ಹುಡುಗ ಒಳ್ಳೆಯ ಡಾಕ್ಟರ್ ಆಗುತ್ತಾನೆ. ಡೈಕ್ಲೋಫೆನಾಕ್ ಇಂಜೆಕ್ಷನ್ ಕೊಟ್ಟರು. ಅರ್ಧ ಗಂಟೆಯ ಹೊತ್ತಿಗೆ ನೋವು ಇಳಿಯಿತು. ಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಹೋದೆನಂತೆ.

ಕಲ್ಲಿನ ಮೊನೆ ಒಳಗೆ ಗೀರುವುದರಿಂದಲೇ ನೋವು ಅಂತ ನಾನು ತಿಳಿದಿದ್ದೆ. ವಿಜ್ಞಾನದ ಟೀಚರ್ ಆಗಿದ್ದೂ! ಮುಖ್ಯ ಕಾರಣ ಬೇರೆ. ಕಿಡ್ನಿಯಿಂದ ಮೂತ್ರಕೋಶಕ್ಕೆ ಬರುವ ಮೂತ್ರನಾಳ ಸುಮಾರು 25 ಸೆಂಟಿಮೀಟರ್ ಉದ್ದ, ಒಳಗಿನ ದಾರಿ ಮೂರು ನಾಲ್ಕು ಮಿಲಿಮೀಟರ್ ಅಷ್ಟೇ. ಅಲ್ಲಿ ಕಲ್ಲು ಸಿಕ್ಕಿಕೊಂಡರೆ ಮೂತ್ರ ಮುಂದೆ ಹೋಗುವುದಿಲ್ಲ. ಕಿಡ್ನಿ ಕೆಲಸ ನಿಲ್ಲಿಸುವುದಿಲ್ಲ, ಹಿಂದಿನಿಂದ ತುಂಬುತ್ತಲೇ ಇರುತ್ತದೆ. ಒತ್ತಡ ಏರುತ್ತದೆ, ಕಿಡ್ನಿಯ ಮೇಲಿನ ಹೊದಿಕೆ ಹಿಗ್ಗುತ್ತದೆ. ನಾಳವೂ ಕಲ್ಲನ್ನು ತಳ್ಳಲು ಹಿಂಡಿ ಹಿಂಡಿ ನೋಡುತ್ತದೆ. ನೋವು ಅಲೆ ಅಲೆಯಾಗಿ ಬರುವುದು ಹೀಗೆ. ಕಿಡ್ನಿಗೂ ಹೊಟ್ಟೆಗೂ ನರಗಳ ದಾರಿ ಕೂಡುವುದರಿಂದ ವಾಂತಿ. ಆ ಇಂಜೆಕ್ಷನ್ ನೋವಿನ ಜೊತೆ ಕಿಡ್ನಿಯ ಒಳಗಿನ ಒತ್ತಡವನ್ನೂ ಇಳಿಸುತ್ತದೆ.

"ಹೆರಿಗೆ ನೋವಿಗಿಂತ ಜಾಸ್ತಿನಾ?" ಈ ಪ್ರಶ್ನೆ ಕೇಳದವರಿಲ್ಲ. ಯಾಕೋ ಗಂಡಸರೇ ಜಾಸ್ತಿ ಕೇಳುತ್ತಾರೆ. ನನ್ನ ಎರಡು ಹೆರಿಗೆಯೂ ನಾರ್ಮಲ್. ಹೆರಿಗೆಯಲ್ಲಿ ನೋವಿನ ನಡುವೆ ಬಿಡುವು ಇರುತ್ತದೆ. ಮೊದಲ ಹೆರಿಗೆಯಲ್ಲಿ ಆ ಬಿಡುವಿನಲ್ಲಿ ನಾನು ಚಹಾ ಕುಡಿದಿದ್ದೇನೆ, ನರ್ಸ್ ಜೊತೆ ಜಗಳವನ್ನೂ ಆಡಿದ್ದೇನೆ. ಏನು ನಡೆಯುತ್ತಿದೆ ಅಂತ ಗೊತ್ತಿರುತ್ತದೆ. ಸುತ್ತ ಅವ್ವ, ದೊಡ್ಡಮ್ಮ ಎಲ್ಲ ಇರುತ್ತಾರೆ, ಅವರಿಗೂ ಗೊತ್ತಿರುತ್ತದೆ. ಕಲ್ಲಿನ ನೋವಿನಲ್ಲಿ ಅಲೆ ಇಳಿದರೂ ಪೂರ್ತಿ ಇಳಿಯುವುದಿಲ್ಲ, ಸೊಂಟದ ಹತ್ತಿರ ಕಾದು ಕೂತಿರುತ್ತದೆ. ಕೊನೆಗೆ ಕೈಗೆ ಸಿಗುವುದು ಆಸ್ಪತ್ರೆಯ ಬಿಲ್ಲು. ಮತ್ತೆ ಆರಿಸು ಅಂದರೆ ಹೆರಿಗೆಯನ್ನೇ ಆರಿಸುತ್ತೇನೆ. ಅಷ್ಟು ಹೇಳಬಲ್ಲೆ.

ಮೂರನೆಯದೂ ಒಂದಿದೆ, ಚೇಳು. ಚಿಕ್ಕವಳಿದ್ದಾಗ ಅಜ್ಜಿಯ ಊರಿನಲ್ಲಿ ಕುಳ್ಳಿನ ಒಟ್ಟಿಲಿನಿಂದ ಕುಳ್ಳು ತೆಗೆಯುವಾಗ ಅಂಗೈಗೆ ಕುಟುಕಿತ್ತು. ನೋವು ಅಂಗೈಯಿಂದ ಭುಜದವರೆಗೆ ಏರುವುದು ಗೊತ್ತಾಗುತ್ತಿತ್ತು. ಅಜ್ಜಿ ಹುಣಸೆ ಬೀಜವನ್ನು ಕಲ್ಲಿಗೆ ತೇಯ್ದು ಬಿಸಿ ಮಾಡಿ ಗಾಯಕ್ಕೆ ಅಂಟಿಸಿದಳು. ಮಂತ್ರ ಹಾಕುವ ಮುದುಕನನ್ನೂ ಕರೆಸಿದರು. ನಮ್ಮ ಅದೃಷ್ಟ, ಅದು ಕರಿ ಚೇಳು. ಅದರದು ನೋವೇ ಜಾಸ್ತಿ. ಜೀವ ತೆಗೆಯುವುದು ಸಣ್ಣ ಕೆಂಪು ಚೇಳು. ಅದರ ವಿಷಕ್ಕೆ ರಕ್ತದೊತ್ತಡ ಏರಿ, ಹೃದಯ ಸೋತು, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮಹಾರಾಷ್ಟ್ರದ ಮಹಾಡ್‌ನಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ 1980ರ ದಶಕದಲ್ಲಿ ಪ್ರಜೋಸಿನ್ ಅನ್ನುವ ರಕ್ತದೊತ್ತಡದ ಮಾತ್ರೆ ಕೊಟ್ಟು ಅಂಥ ಸಾವುಗಳನ್ನು ತುಂಬಾ ಕಡಿಮೆ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇದನ್ನು ಇಲ್ಲಿ ಯಾಕೆ ಹೇಳಿದೆ ಅಂದರೆ, ನನಗೆ ಕಲ್ಲು ಇಳಿಯಲಿ ಅಂತ ಕೊಟ್ಟ ಟ್ಯಾಮ್ಸುಲೋಸಿನ್ ಮಾತ್ರೆಯೂ ಅದೇ ಜಾತಿಯದು. ಪ್ರಜೋಸಿನ್ ರಕ್ತನಾಳಗಳನ್ನು ಸಡಿಲ ಮಾಡುತ್ತದೆ, ಟ್ಯಾಮ್ಸುಲೋಸಿನ್ ಮೂತ್ರನಾಳದ ಕೆಳಗಿನ ಭಾಗವನ್ನು. ನನ್ನ ಎರಡು ನೋವಿಗೂ ಹೀಗೊಂದು ನೆಂಟಸ್ತಿಕೆ ಇದೆ ಅಂತ ಗೊತ್ತಾದಾಗ ಸುಮ್ನೆ ಖುಷಿಯಾಯಿತು.

ಬೆಳಗ್ಗೆ ಸ್ಕ್ಯಾನ್‌ಗೆ ಕಳಿಸಿದರು. ಹೊಟ್ಟೆಯ ಸ್ಕ್ಯಾನ್ ಮಾಡಿಸಿದವರಿಗೆ ಗೊತ್ತು, ಮೂತ್ರಕೋಶ ತುಂಬಿರಬೇಕು. "ಒಂದು ಲೀಟರ್ ನೀರು ಕುಡೀರಿ, ಹೋಗಬೇಡಿ, ಕರೀತೀವಿ" ಅಂದಳು ಕೌಂಟರಿನ ಹುಡುಗಿ. ವರ್ಷಗಟ್ಟಲೆ ತಡೆದುಕೊಂಡೇ ಬದುಕಿದವಳಿಗೆ ಇದು ಗೊತ್ತಿರುವ ವಿದ್ಯೆ. ಆದರೆ ತಡೆಯುವುದಕ್ಕೋಸ್ಕರ ಕುಡಿದದ್ದು ಅದೇ ಮೊದಲು. ಬೆಂಚಿನ ಮೇಲೆ ಸಾಲಾಗಿ ಬಸುರಿಯರು, ವಯಸ್ಸಾದವರು, ನಾನು, ಎಲ್ಲರೂ ಕಾಲು ಅಲುಗಾಡಿಸುತ್ತಾ ಕೂತಿದ್ದೆವು. ಕರೆಯುವಷ್ಟರಲ್ಲಿ ಮುಕ್ಕಾಲು ಗಂಟೆ ಆಯಿತು. ಕಿಡ್ನಿ ಊದಿದೆ, ಕಲ್ಲು ಸರಿಯಾಗಿ ಕಾಣುತ್ತಿಲ್ಲ, ಸಿಟಿ ಸ್ಕ್ಯಾನ್ ಮಾಡಿಸಿ ಅಂದರು. ಸಿಟಿಯಲ್ಲಿ ಕಂಡಿತು. ಎಡ ಮೂತ್ರನಾಳದ ಕೊನೆಯಲ್ಲಿ, ಮೂತ್ರಕೋಶದ ಬಾಗಿಲಲ್ಲೇ, 6 ಮಿಲಿಮೀಟರ್. ಕಡಲೆಬೇಳೆಯಷ್ಟು. ನಾಳದಲ್ಲಿ ಇಕ್ಕಟ್ಟಾದ ಮೂರು ಜಾಗಗಳಿವೆಯಂತೆ, ಇದು ಕೊನೆಯದು. ಎರಡನ್ನು ದಾಟಿ ಬಂದು ಮೂರನೆಯದರಲ್ಲಿ ಕೂತಿತ್ತು.

5 ಮಿಲಿಮೀಟರಿಗಿಂತ ಸಣ್ಣವು ಹೆಚ್ಚಾಗಿ ತಾವೇ ಬರುತ್ತವೆ, 10ಕ್ಕಿಂತ ದೊಡ್ಡವು ಬರುವುದು ಅಪರೂಪ, ನಿಮ್ಮದು ನಡುವಿನದು, ಕೆಲವು ವಾರ ಕಾಯೋಣ ಅಂದರು ಯೂರಾಲಜಿ, ಅಂದರೆ ಮೂತ್ರದ ತೊಂದರೆ ನೋಡುವ ಡಾಕ್ಟರ್. ಮಾತ್ರೆ ಬರೆದರು. ಜ್ವರ ಬಂದರೆ ಮಾತ್ರ ಒಂದು ಗಂಟೆಯೂ ಕಾಯಬೇಡಿ ಅಂತ ಎರಡು ಸಲ ಹೇಳಿದರು. ಮೂತ್ರವನ್ನು ಸೋಸಿ ನೋಡಬೇಕು, ಕಲ್ಲು ಬಂದರೆ ಪರೀಕ್ಷೆಗೆ ಬೇಕು. ಇವರು ಅಂಗಡಿಯಿಂದ ಚಹಾ ಸೋಸುವ ಹೊಸ ಜಾಲರಿ ತಂದರು. ಅತ್ತೆ ಅದನ್ನು ಅಡುಗೆ ಮನೆಗೆ ಒಯ್ಯುವುದರಲ್ಲಿದ್ದರು. ಆಮೇಲೆ ಅದರ ಹಿಡಿಗೆ ಕೆಂಪು ದಾರ ಕಟ್ಟಿದೆವು.

ಕಾಯುವ ಆ ದಿನಗಳಲ್ಲಿ ಬಳ್ಳಾರಿಯ ಪ್ರತಿಯೊಬ್ಬರೂ ಯೂರಾಲಜಿಸ್ಟ್ ಆಗಿದ್ದರು. ಬಾಳೆದಿಂಡಿನ ರಸ ಕುಡಿಯಿರಿ. ಹುರಳಿ ಕಟ್ಟು ಕುಡಿಯಿರಿ. ಕಾಡುಬಸಳೆ ಎಲೆ ಅಗಿಯಿರಿ. ಟೊಮೆಟೊ ಬಿಡಿ, ಬೀಜ ಹೋಗಿ ಕಿಡ್ನಿಯಲ್ಲಿ ಕೂರುತ್ತದೆ. ಇವರ ಗೆಳೆಯರೊಬ್ಬರು ದನಿ ತಗ್ಗಿಸಿ, "ಅಕ್ಕಾರಿಗೆ ಎರಡು ಬೀರ್ ಕುಡಿಸ್ರಿ, ಸೀದಾ ಇಳಿತೈತಿ" ಅಂದರಂತೆ. ಬಾಳೆದಿಂಡಿನ ಪಲ್ಯ ನನಗೆ ಇಷ್ಟ, ಹುರಳಿ ಸಾರಂತೂ ಮೊದಲಿನಿಂದ ಇಷ್ಟ, ಎರಡನ್ನೂ ಚೆನ್ನಾಗಿ ತಿಂದೆ. ಕಲ್ಲು ಅಲ್ಲಾಡಲಿಲ್ಲ. ಬಾಳೆದಿಂಡಿನಿಂದ ಕಲ್ಲು ಬಿತ್ತು ಅನ್ನುವವರಲ್ಲಿ ಬಹಳ ಜನರದು ಸಣ್ಣ ಕಲ್ಲು, ಏನು ತಿಂದಿದ್ದರೂ ಬೀಳುತ್ತಿತ್ತು ಅಂತ ನನ್ನ ಅನುಮಾನ. ಟೊಮೆಟೊ ಬೀಜಕ್ಕೂ ಕಲ್ಲಿಗೂ ಸಂಬಂಧವೇ ಇಲ್ಲ. ತಿಂದ ಬೀಜ ಕಿಡ್ನಿಗೆ ಹೋಗುವ ದಾರಿಯೇ ದೇಹದಲ್ಲಿಲ್ಲ.

ಜ್ವರ ಬಂತು. ಒಂದು ಸಂಜೆ ಹಲ್ಲು ಕಟಕಟ ಅನ್ನುವಷ್ಟು ಚಳಿ, ಹೊರಗೆ ಏಪ್ರಿಲ್ ಸೆಕೆ. ಸೀದಾ ಆಸ್ಪತ್ರೆಗೆ ಹೋದೆವು. ಕಟ್ಟಿಕೊಂಡ ಮೂತ್ರದಲ್ಲಿ ಸೋಂಕು ಸೇರಿದರೆ ಅದು ರಕ್ತಕ್ಕೆ ಹೋಗುವುದು ತಡವಾಗುವುದಿಲ್ಲ. ಹಾಗಂತ ಅವತ್ತೇ ಕಲ್ಲು ತೆಗೆಯುವುದಿಲ್ಲ. ಸೋಂಕು ಇರುವಾಗ ಕಲ್ಲು ಕೆದಕುವುದು ಅಪಾಯ. ಮೊದಲು ದಾರಿ ಬಿಡಿಸಬೇಕು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿ, ಮೂತ್ರದ ದಾರಿಯಿಂದಲೇ ಕ್ಯಾಮೆರಾ ಹಾಕಿ, ಕಲ್ಲಿನ ಪಕ್ಕದಲ್ಲಿ ಒಂದು ಮೆತ್ತನೆಯ ಸಣ್ಣ ಕೊಳವೆ ತೂರಿಸಿದರು. ಡಿಜೆ ಸ್ಟೆಂಟ್ ಅನ್ನುತ್ತಾರೆ. ಎರಡೂ ತುದಿ ಸುರುಳಿ ಸುತ್ತಿಕೊಂಡಿರುತ್ತದೆ, ಒಂದು ಕಿಡ್ನಿಯಲ್ಲಿ, ಇನ್ನೊಂದು ಮೂತ್ರಕೋಶದಲ್ಲಿ. ಕೆಲವು ವಾರ ಬಿಟ್ಟು, ಜ್ವರ ಪೂರ್ತಿ ಹೋದ ಮೇಲೆ, ಅದೇ ದಾರಿಯಲ್ಲಿ ಹೋಗಿ ಲೇಸರ್‌ನಿಂದ ಕಲ್ಲು ಪುಡಿ ಮಾಡಿದರು. ಹೊಟ್ಟೆಯ ಮೇಲೆ ಒಂದು ಗೀರೂ ಇಲ್ಲ. ಇದನ್ನು ಬರೆಯುವಷ್ಟು ಹೊತ್ತೂ ಆಪರೇಷನ್ ಹಿಡಿದ ಹಾಗೆ ನನಗೆ ಅನ್ನಿಸಲಿಲ್ಲ. ಹಳೆಯ ಕಾಲದವರನ್ನು ನೆನೆಸಿಕೊಂಡೆ. ಸುಶ್ರುತ ಸಂಹಿತೆಯಲ್ಲೇ ಕಲ್ಲು ಕೊಯ್ದು ತೆಗೆಯುವ ವಿಧಾನ ಇದೆ. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ ಅನ್ನುವ ಅಧಿಕಾರಿಗೆ 1658ರ ಮಾರ್ಚ್ 26ರಂದು ಅರಿವಳಿಕೆ ಇಲ್ಲದೆ ಕೊಯ್ದು ಮೂತ್ರಕೋಶದ ಕಲ್ಲು ತೆಗೆದರು. ಬದುಕಿಕೊಂಡ ಆತ ಆಮೇಲೆ ಪ್ರತಿ ವರ್ಷ ಆ ದಿನ ನೆಂಟರಿಷ್ಟರಿಗೆ ಊಟ ಹಾಕಿಸಬೇಕೆಂದು ನಿಶ್ಚಯಿಸಿದ. ಹಾಕಿಸಬೇಕಾದ್ದೇ.

ಆಪರೇಷನ್ನಿಗಿಂತ ಸ್ಟೆಂಟ್ ಇದ್ದ ದಿನಗಳೇ ಕಷ್ಟ. ಇದನ್ನು ಯಾರೂ ಮೊದಲೇ ಸರಿಯಾಗಿ ಹೇಳುವುದಿಲ್ಲ. ಒಳಗಿನ ಸುರುಳಿ ಮೂತ್ರಕೋಶವನ್ನು ಕೆಣಕುತ್ತಲೇ ಇರುತ್ತದೆ, ಅರ್ಧ ಗಂಟೆಗೊಮ್ಮೆ ಓಡಬೇಕು. ಮೂತ್ರ ಮಾಡುವಾಗ ನೋವು ಕೆಳಗಿನಿಂದ ಬೆನ್ನಿಗೆ ಹಾರುತ್ತದೆ, ಯಾಕೆಂದರೆ ಕೊಳವೆಯೊಳಗೆ ಮೂತ್ರ ವಾಪಸ್ ಮೇಲಕ್ಕೂ ಹೋಗುತ್ತದೆ. ಸ್ವಲ್ಪ ಜಾಸ್ತಿ ಓಡಾಡಿದರೆ ಮೂತ್ರ ಕೆಂಪು. ಬೇಸಿಗೆ ರಜೆ ಇತ್ತು, ಮನೆಯಲ್ಲೇ ಇದ್ದೆ. ಶಾಲೆ ನಡೆಯುವ ದಿನಗಳಲ್ಲಿ ಸ್ಟೆಂಟ್ ಇಟ್ಟುಕೊಂಡು ಆ ಬಸ್ಸಿನಲ್ಲಿ ಹೋಗಬೇಕಾಗಿದ್ದರೆ ಏನು ಮಾಡುತ್ತಿದ್ದೆನೋ. ಒಂದು ಮಾತು ಎಲ್ಲರಿಗೂ ಹೇಳುತ್ತೇನೆ: ಸ್ಟೆಂಟ್ ತೆಗೆಸುವ ತಾರೀಖನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ನೋವು ಹೋಯಿತು ಅಂತ ಮರೆತುಬಿಡುವವರು ಇದ್ದಾರೆ, ತಿಂಗಳುಗಟ್ಟಲೆ ಬಿಟ್ಟರೆ ಅದರ ಮೇಲೇ ಕಲ್ಲು ಬೆಳೆಯುತ್ತದೆ. ನನ್ನದನ್ನು ಜೂನ್‌ನಲ್ಲಿ ತೆಗೆದರು. ಮರಗಟ್ಟಿಸುವ ಜೆಲ್ ಹಾಕಿ ಎಳೆದರು, ಒಂದು ನಿಮಿಷದ ಕೆಲಸ. ಕಲ್ಲಿನ ಚೂರಿನ ರಿಪೋರ್ಟು ಬಂತು: ಕ್ಯಾಲ್ಸಿಯಂ ಆಕ್ಸಲೇಟ್, ಅಂದರೆ ಕ್ಯಾಲ್ಸಿಯಂಗೆ ಸೊಪ್ಪಿನಂಥದರಲ್ಲಿರುವ ಆಕ್ಸಲೇಟ್ ಸೇರಿ ಕಟ್ಟಿದ ಹರಳು. ಎಲ್ಲಕ್ಕಿಂತ ಸಾಮಾನ್ಯವಾದದ್ದು.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಡಾಕ್ಟರ್ ಇನ್ನೊಂದು ಪರೀಕ್ಷೆ ಬರೆದರು. ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನೆಲ್ಲ ಒಂದು ಕ್ಯಾನಿನಲ್ಲಿ ಕೂಡಿಸಿ ತರಬೇಕು. ಬೆಳಗಿನ ಮೊದಲನೆಯದನ್ನು ಬಿಟ್ಟು, ಮರುದಿನ ಬೆಳಗಿನ ಮೊದಲನೆಯದರವರೆಗೆ ಪೂರ್ತಿ.

"ಭಾನುವಾರ ಮಾಡ್ತೀನಿ ಸರ್, ಮನೇಲಿರ್ತೀನಿ" ಅಂದೆ.

"ಭಾನುವಾರ ಬೇಡ ಮೇಡಂ. ಶಾಲೆ ಇರೋ ದಿನ ಮಾಡಿ. ನಿಮ್ಮ ಕಲ್ಲು ಭಾನುವಾರದ್ದಲ್ಲ."

ಹಾಗಾಗಿ ಒಂದು ಬುಧವಾರ ಮೂರು ಲೀಟರಿನ ಬಿಳಿ ಕ್ಯಾನನ್ನು ಬಟ್ಟೆ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹೆಂಗಸು ಚೀಲ ಸರಿಸಿ ಜಾಗ ಮಾಡಿಕೊಳ್ಳುತ್ತಾ, "ಎಣ್ಣಿ ಏನ್ರಿ ಅಕ್ಕಾರ?" ಅಂತ ಕೇಳಿದಳು. ಇಲ್ಲ ಖಾಲಿ, ಅಂದೆ. ಸಂಜೆ ಬರುವಾಗಲೂ ಹೆಚ್ಚು ಕಡಿಮೆ ಖಾಲಿಯೇ ಇತ್ತು. ಶಾಲೆಯಲ್ಲಿ ಒಂದೇ ಸಲ ಹೋದೆ, ಅದೂ ಕ್ಯಾನಿಗೆ ಏನಾದರೂ ಹಾಕಬೇಕಲ್ಲ ಅಂತ. ಚಿಲಕ ಇರಲಿಲ್ಲ. ಕನ್ನಡದ ಟೀಚರ್ ಬಾಗಿಲು ಹಿಡಿದು ಹೊರಗೆ ನಿಂತರು. ಲ್ಯಾಬಿನ ಹುಡುಗ ಕ್ಯಾನ್ ಎತ್ತಿ ನೋಡಿ, "ಪೂರ್ತಿ ಕಲೆಕ್ಟ್ ಮಾಡಿದ್ರಾ?" ಅಂತ ಅನುಮಾನದಿಂದ ಕೇಳಿದ. ಪೂರ್ತಿಯೇ. 850 ಎಂಎಲ್.

ಅಷ್ಟು ನೋವು ತಿಂದು, ಎರಡು ಸಲ ಆಪರೇಷನ್ ಟೇಬಲ್ ಹತ್ತಿ, ಸ್ಟೆಂಟ್ ಇಟ್ಟುಕೊಂಡು ತಿರುಗಿ, ಆಮೇಲೆ 850 ಎಂಎಲ್. ಮನೆಯಲ್ಲಿ ಕುಡಿಯುತ್ತಿದ್ದೆ, ಹೆದರಿಕೆಯಿಂದಲೇ ಕುಡಿಯುತ್ತಿದ್ದೆ. ಬಸ್ಸು ಹತ್ತಿದ ತಕ್ಷಣ ಕೈ ಬಾಟಲಿಗೆ ಹೋಗುತ್ತಿರಲಿಲ್ಲ. ಹೋಗುವುದಾದರೂ ಹೇಗೆ? ನನ್ನ ಕಿಡ್ನಿಗೆ ಏನೇನೋ ಆಗಿತ್ತು, ಶಾಲೆಯ ಬಾತ್‌ರೂಮಿಗೆ ಏನೂ ಆಗಿರಲಿಲ್ಲ. ನಾನೇ ಹತ್ತನೆಯ ಕ್ಲಾಸಿಗೆ ಪಾಠ ಮಾಡುತ್ತೇನೆ. ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ, ಅದರಲ್ಲಿ ಹೊರಗೆ ಬರುವುದು ಒಂದೆರಡು ಲೀಟರ್ ಮಾತ್ರ ಅಂತ ಪಠ್ಯದಲ್ಲಿದೆ. ಮಕ್ಕಳಿಗೆ ಈ ಅಂಕಿ ಕೇಳಿದರೆ ಆಶ್ಚರ್ಯ. ಅದರಲ್ಲಿ ಟೀಚರಿಂದು ಒಂದು ಲೀಟರೂ ಇಲ್ಲ.

ಡಾಕ್ಟರ್ ರಿಪೋರ್ಟ್ ನೋಡಿ ಬೈಯಲಿಲ್ಲ. ಎಷ್ಟು ಲೋಟ ಕುಡಿದಿರಿ ಅನ್ನುವ ಲೆಕ್ಕ ಬಿಡಿ, ಎಷ್ಟು ಹೊರಗೆ ಬಂತು ಅದು ಮುಖ್ಯ ಅಂದರು. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಬರಬೇಕು. ನಮ್ಮ ಬಿಸಿಲಿಗೆ ಅದಕ್ಕಾಗಿ ಮೂರೂವರೆ, ನಾಲ್ಕು ಲೀಟರ್ ಕುಡಿಯಬೇಕಾದೀತು. ಇಟಲಿಯ ಪಾರ್ಮಾದಲ್ಲಿ ಮೊದಲ ಸಲ ಕಲ್ಲು ಬಂದವರನ್ನು ಎರಡು ಗುಂಪು ಮಾಡಿ ಐದು ವರ್ಷ ನೋಡಿದ ಅಧ್ಯಯನ 1996ರಲ್ಲಿ ಪ್ರಕಟವಾಗಿದೆ. ಜಾಸ್ತಿ ನೀರು ಕುಡಿದವರಲ್ಲಿ ಶೇ. 12 ಮಂದಿಗೆ ಮತ್ತೆ ಕಲ್ಲು ಬಂತು, ಉಳಿದವರಲ್ಲಿ ಶೇ. 27 ಮಂದಿಗೆ. ಮಾತ್ರೆ ಇಲ್ಲ, ಏನಿಲ್ಲ, ಬರೀ ನೀರು.

ನಾನು ಅಲ್ಲೇ ಲೆಕ್ಕ ಹಾಕಿದೆ. ಒಂದು ಸಲಕ್ಕೆ 300 ಎಂಎಲ್ ಅಂದರೂ ದಿನಕ್ಕೆ ಏಳೆಂಟು ಸಲ. ಎಚ್ಚರ ಇರುವ ಹೊತ್ತಿನಲ್ಲಿ ಎರಡು ಗಂಟೆಗೊಮ್ಮೆ. ಮನೆಯ ಹೊರಗೆ ಹತ್ತೂವರೆ ಗಂಟೆ ಇರುವವಳು ಐದು ಸಲ.

"ಐದು ಸಲ ಎಲ್ಲಿ ಹೋಗ್ಲಿ ಸರ್?"

ಅವರು ಪೆನ್ನು ಕೆಳಗಿಟ್ಟರು. "ಅದಕ್ಕೆ ನನ್ನ ಹತ್ರ ಮಾತ್ರೆ ಇಲ್ಲ ಮೇಡಂ."

ಊಟದ ಬದಲಾವಣೆ ಇದರ ಮುಂದೆ ಸುಲಭ. ಹಾಲು ಮೊಸರು ಬಿಡಬೇಕು ಅಂತ ಎಲ್ಲರೂ ಹೆದರಿಸಿದ್ದರು, ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆಯಲ್ಲ ಅಂತ. ಅದು ತಿರುಗುಮುರುಗು. ಊಟದ ಜೊತೆ ಮೊಸರಿದ್ದರೆ ಅದರ ಕ್ಯಾಲ್ಸಿಯಂ ಸೊಪ್ಪಿನ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದುಕೊಳ್ಳುತ್ತದೆ, ಕಿಡ್ನಿಗೆ ಬಿಡುವುದಿಲ್ಲ. ಬಿಡಬೇಕಾದ್ದು ಉಪ್ಪು. ಉಪ್ಪು ಜಾಸ್ತಿಯಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ ಹೋಗುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿರ್ಚಿ ಮಂಡಕ್ಕಿ ಕಡಿಮೆ ಮಾಡಿದೆ. ಪಾಲಕ್ ಅಪರೂಪಕ್ಕೆ. ಶೇಂಗಾದಲ್ಲೂ ಆಕ್ಸಲೇಟ್ ಇದೆ ಅಂದಾಗ ಮಾತ್ರ ಬೇಜಾರಾಯಿತು. ರೊಟ್ಟಿಗೆ ಶೇಂಗಾ ಹಿಂಡಿ ಇಲ್ಲದೆ ಬಳ್ಳಾರಿಯಲ್ಲಿ ಹೇಗೆ ಬದುಕುವುದು? ಒಂದು ಚಮಚಕ್ಕೆ ಇಳಿಸಿದ್ದೇನೆ, ಗಟ್ಟಿ ಮೊಸರಿನ ಜೊತೆ. ನಿಂಬೆ ಶರಬತ್ತು ಉಪ್ಪಿಲ್ಲದೆ. ನಿಂಬೆಯ ಸಿಟ್ರೇಟ್ ಹರಳು ಕಟ್ಟುವುದನ್ನು ತಡೆಯುತ್ತದೆ.

ಐದು ಸಲದ ಪ್ರಶ್ನೆಗೆ ಬರುತ್ತೇನೆ. ನಮ್ಮ ಶಾಲೆಯಲ್ಲಿ ಸಿಬ್ಬಂದಿಗೆ ಒಂದು ಶೌಚಾಲಯ ಇದೆ. ಹುಡುಗರು ಹಾಳು ಮಾಡುತ್ತಾರೆ ಅಂತ ಬೀಗ. ಬೀಗದ ಕೈ ಎಚ್‌ಎಂ (ಹೆಡ್‌ಮಾಸ್ಟರ್) ಸರ್ ಟೇಬಲ್ ಡ್ರಾಯರಿನಲ್ಲಿ. ಹೋಗಬೇಕಾದರೆ ಅವರ ರೂಮಿಗೆ ಹೋಗಿ ಕೇಳಬೇಕು, ಅಲ್ಲಿ ಯಾವಾಗಲೂ ನಾಲ್ಕು ಜನ ಕೂತಿರುತ್ತಾರೆ. ನಾವೆಲ್ಲ ಅಲ್ಲಿಗೆ ಹೋಗದೇ ಇರುವುದಕ್ಕೆ ಇಷ್ಟೇ ಕಾರಣ, ಅದಕ್ಕೇ ಚಿಲಕ ಮುರಿದದ್ದೂ ಯಾರಿಗೂ ತಿಳಿಯದೆ ಹಾಗೇ ಉಳಿದಿತ್ತು. ನಾನು 850 ಎಂಎಲ್‌ನ ರಿಪೋರ್ಟನ್ನು ಎಚ್‌ಎಂ ಸರ್ ಟೇಬಲ್ ಮೇಲಿಟ್ಟೆ. ಅವರು ಒಳ್ಳೆಯವರೇ. ಓದಿ, ಕನ್ನಡಕ ತೆಗೆದು, "ಇದನ್ನ ಮೊದಲೇ ಹೇಳಬಾರದಾ ಮೇಡಂ" ಅಂದರು. ಮೊದಲೇ ಹೇಗೆ ಹೇಳುವುದು? ಅವರ ಮನೆಯಲ್ಲೂ ಹೆಂಗಸರಿದ್ದಾರೆ, ಅವರೂ ಹೇಳಿರಲಿಕ್ಕಿಲ್ಲ. ಬಜಾರಿನಲ್ಲಿ ಇನ್ನೊಂದು ಕೀ ಮಾಡಿಸಿಕೊಂಡು ಬಂದೆ. ಸ್ಟಾಫ್ ರೂಮಿನ ಬಾಗಿಲ ಹಿಂದೆ ಒಂದು ಮೊಳೆ, ಕೀ ಅಲ್ಲಿ ತೂಗು ಹಾಕುವುದು. ಹೊಸ ಚಿಲಕ, ಒಂದು ಡ್ರಮ್ಮು, ಒಂದು ಮಗ್ಗು. ಬಿಸಿಯೂಟದ ಅಕ್ಕ ಬೆಳಗ್ಗೆ ಡ್ರಮ್ಮು ತುಂಬಿಸುತ್ತಾಳೆ, ನಾವೆಲ್ಲ ಸೇರಿ ತಿಂಗಳಿಗೆ ಅವಳಿಗೆ ಇಷ್ಟು ಅಂತ ಕೊಡುತ್ತೇವೆ. ಈಗ ಎರಡನೆಯ ಪೀರಿಯಡ್ ಆದ ಮೇಲೆ ಮೊಳೆಯ ಮೇಲೆ ಕೀ ಇರುವುದೇ ಇಲ್ಲ.

ದಾರಿಯದು ಇನ್ನೂ ಪೂರ್ತಿ ಬಗೆಹರಿದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಬಸ್ಸು ಫ್ರೀ. ಬಸ್ ಸ್ಟ್ಯಾಂಡಿನ ಬಾತ್‌ರೂಮಿಗೆ ಐದು ರೂಪಾಯಿ, ಗಂಡಸರು ನಿಂತು ಮಾಡುವ ಕಡೆ ಕಾಸಿಲ್ಲ. ಚಿಲ್ಲರೆಯ ಪುಟ್ಟ ಪರ್ಸ್ ಬೇರೆ ಇಟ್ಟುಕೊಂಡಿದ್ದೇನೆ. ಪೆಟ್ರೋಲ್ ಬಂಕಿನಲ್ಲಿ ಶೌಚಾಲಯ ಉಚಿತವಾಗಿ ಕೊಡಬೇಕು ಅನ್ನುವ ನಿಯಮವಿದೆ. ಸ್ಕೂಟಿಯಲ್ಲಿ ಹೋಗುವ ಗೆಳತಿಯರಿಗೆ ಇದನ್ನು ಹೇಳಿಕೊಟ್ಟೆ, ಕೇಳಲು ಮೊದಲ ಸಲ ಮುಜುಗರ, ಆಮೇಲೆ ರೂಢಿ. ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ, ಹತ್ತುವ ಮುಂಚೆ ನಾನು ಕುಡಿಯುವುದಿಲ್ಲ. ಇಳಿದ ಕೂಡಲೇ ಅರ್ಧ ಲೀಟರ್. ಮೂತ್ರದ ಬಣ್ಣ ತಿಳಿ ಹಳದಿ ಇದ್ದರೆ ಸರಿ, ಗಾಢ ಆದರೆ ಇನ್ನೊಂದು ಬಾಟಲಿ. ರಾತ್ರಿ ಮಲಗುವ ಮುಂಚೆಯೂ ಒಂದು ಲೋಟ, ಒಂದು ಸಲ ಏಳಬೇಕಾಗುತ್ತದೆ, ಏಳುತ್ತೇನೆ.

ಈ ಗಡಿಬಿಡಿಯಲ್ಲಿ ಹೆಣ್ಣು ಮಕ್ಕಳ ಬಾಟಲಿ ಕಣ್ಣಿಗೆ ಬಿತ್ತು. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಹೊಡೆಯುವುದು ಶುರುವಾದಾಗ ನಮ್ಮಲ್ಲೂ ಅದರ ಮಾತು ಬಂದಿತ್ತು. ಒಳ್ಳೆಯ ಯೋಚನೆಯೇ. ನಾನೂ ನನ್ನ ಪೀರಿಯಡ್ಡಿನ ನಡುವೆ "ಎಲ್ಲರೂ ನೀರು ಕುಡೀರಿ" ಅನ್ನತೊಡಗಿದೆ. ಹುಡುಗರು ಗಟಗಟ ಕುಡಿದರು. ಹುಡುಗಿಯರು ಬಾಟಲಿಗೆ ತುಟಿ ತಾಗಿಸಿ ಮುಚ್ಚಳ ಹಾಕಿದರು. ಒಂಬತ್ತನೆಯ ಕ್ಲಾಸಿನ ಒಬ್ಬಳನ್ನು ಪಕ್ಕಕ್ಕೆ ಕರೆದು ಯಾಕಮ್ಮಾ ಅಂತ ಕೇಳಿದೆ. "ನಮ್ಮ ಬಾತ್‌ರೂಮಿನ್ಯಾಗ ನೀರು ಬರಂಗಿಲ್ರೀ ಟೀಚರ್" ಅಂದಳು. ನನ್ನನ್ನು ಕೇಳಿದರೆ ಅವಳ ವಯಸ್ಸಿನಲ್ಲಿ ನಾನೂ ಇದನ್ನೇ ಹೇಳುತ್ತಿದ್ದೆ. ಯಾರೂ ಕೇಳಿರಲಿಲ್ಲ.

ಅವರ ಶೌಚಾಲಯಕ್ಕೆ ಕೀ ಮಾಡಿಸಿದರೆ ಸಾಲದು. ಟ್ಯಾಂಕಿನಿಂದ ಅಲ್ಲಿಗೆ ಪೈಪು ಎಳೆಯಬೇಕು, ಒಡೆದ ಬೇಸಿನ್ ಬದಲಿಸಬೇಕು. ಪೋಷಕರಿರುವ ಶಾಲಾ ಸಮಿತಿ ಎಸ್‌ಡಿಎಂಸಿಯ ಸಭೆಯಲ್ಲಿ ಎರಡು ಸಲ ಎತ್ತಿದ್ದೇವೆ. ಕಾಂಪೌಂಡ್ ಬಣ್ಣಕ್ಕೆ ಇಟ್ಟ ದುಡ್ಡನ್ನು ಇದಕ್ಕೆ ಹಾಕೋಣ ಅಂತ ಒಬ್ಬ ತಾಯಿ ಎದ್ದು ನಿಂತು ಕೇಳಿದಳು, ಅವಳಿಗೂ ಹಿಂದೆ ಕಲ್ಲಾಗಿತ್ತಂತೆ. ಒಪ್ಪಿದ್ದಾರೆ. ಪ್ಲಂಬರ್ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾನೆ. ನನ್ನ ಹೋದ ತಿಂಗಳ ಸ್ಕ್ಯಾನಿನಲ್ಲಿ ಬಲ ಕಿಡ್ನಿಯಲ್ಲಿ 3 ಮಿಲಿಮೀಟರಿನ ಒಂದು ಕಂಡಿದೆ. ಅದು ಸುಮ್ಮನಿದೆ, ನೀವೂ ಸುಮ್ಮನಿರಿ, ಆರು ತಿಂಗಳು ಬಿಟ್ಟು ಬನ್ನಿ ಅಂದಿದ್ದಾರೆ ಡಾಕ್ಟರ್. ಬರುವಾಗ ಮತ್ತೊಂದು ಕ್ಯಾನ್ ತುಂಬಿಸಿ ತರಬೇಕು, ಶಾಲೆ ಇರುವ ದಿನದ್ದೇ.